ಆಹಾರ ಸಮಾಧಾನ: ಕೊನೆಯಲ್ಲಿ ಉಣ್ಣುವವರ ತಟ್ಟೆ ಮತ್ತು ಇತರ ಪ್ರಶ್ನೆಗಳು

ಪ್ರಶ್ನೆ: ನನಗೆ 38 ವರ್ಷ. ನಮ್ಮದು ಕೂಡು ಕುಟುಂಬ. ಒಂಬತ್ತು ಜನರಿಗೆ ಎರಡು ಹೊತ್ತು ರೊಟ್ಟಿ ಬಡಿಯುವುದು ನನ್ನ ಕೆಲಸ. ಒಂದು ವರ್ಷದಿಂದ ಮೆಟ್ಟಿಲು ಹತ್ತಿದರೆ ಎದೆ ಬಡಿದುಕೊಳ್ಳುತ್ತದೆ, ಕೂದಲು ಉದುರುತ್ತಿದೆ. ಹಿಮೊಗ್ಲೋಬಿನ್ 8.9 ಇದೆ. ಕಬ್ಬಿಣದ ಮಾತ್ರೆ ಕೊಟ್ಟಿದ್ದರು, ಹೊಟ್ಟೆ ಉರಿಯೆಂದು ಬಿಟ್ಟೆ. ಎರಡು ತಿಂಗಳಿಂದ ಬೀಟ್‌ರೂಟ್ ರಸ ಕುಡಿಯುತ್ತಿದ್ದರೂ ರಕ್ತ ಏರಿಲ್ಲ. ಏನು ತಿನ್ನಬೇಕು?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಸೋದರಿ, ನಿಮ್ಮ ಪತ್ರದಲ್ಲಿ ಒಂಬತ್ತು ಜನರ ಊಟದ ಲೆಕ್ಕವಿದೆ, ನೀವು ಎಷ್ಟು ಹೊತ್ತಿಗೆ, ಏನನ್ನು ಉಣ್ಣುತ್ತೀರಿ ಎಂಬುದು ಮಾತ್ರ ಇಲ್ಲ. ನೀವು ನನ್ನ ಎದುರಿಗೆ ಕುಳಿತಿದ್ದರೆ ನಾನು ಮೊದಲು ಕೇಳುತ್ತಿದ್ದುದು ಅದನ್ನೇ. ಎಲ್ಲರ ಊಟ ಮುಗಿದು ನೀವು ತಟ್ಟೆ ಹಾಕಿಕೊಳ್ಳುವಾಗ ಪಲ್ಯದ ಪಾತ್ರೆಯಲ್ಲಿ ಎಷ್ಟು ಉಳಿದಿರುತ್ತದೆ? ಕಾಳಿನ ಪಲ್ಯವೆಲ್ಲ ಮುಗಿದು, ರೊಟ್ಟಿಗೆ ಚಟ್ನಿ ಹಚ್ಚಿಕೊಂಡು ಏಳುವ ದಿನಗಳು ವಾರದಲ್ಲಿ ಎಷ್ಟು? ಬೆಳಿಗ್ಗೆ ಎದ್ದಾಗಿನಿಂದ ಆ ಊಟದವರೆಗೆ ಎಷ್ಟು ಕಪ್ ಚಹಾ ಆಗಿರುತ್ತದೆ? ಈ ಮೂರಕ್ಕೆ ಉತ್ತರ ಸಿಗದೆ ಊಟದ ಪಟ್ಟಿ ಬರೆದುಕೊಟ್ಟರೆ ಅದು ಕಾಗದವಾಗಿಯೇ ಉಳಿಯುತ್ತದೆ. ಈ ವೃತ್ತಿಗೆ ಬಂದ ಹೊಸದರಲ್ಲಿ ನಾನೇ ಹಾಗೆ ಮಾಡಿದ್ದೆ. ಕೂಲಿ ಕೆಲಸಕ್ಕೆ ಹೋಗುವ ಒಬ್ಬ ತಾಯಿಗೆ ಓಟ್ಸ್, ಸೇಬು, ಬಾದಾಮಿ ಎಂದು ಅಚ್ಚುಕಟ್ಟಾಗಿ ಬರೆದುಕೊಟ್ಟೆ. ತಿಂಗಳ ನಂತರ ಅವರು ಆ ಹಾಳೆಯನ್ನು ಒಂದಿಷ್ಟೂ ಮುದುಡದಂತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಬಂದರು. ಅದರಲ್ಲಿದ್ದ ಒಂದು ಪದಾರ್ಥವೂ ಅವರ ಮನೆಯೊಳಗೆ ಹೋಗಿರಲಿಲ್ಲ. ತಪ್ಪು ಅವರದಲ್ಲ, ನನ್ನದು. ಅಂದಿನಿಂದ ಅಡುಗೆಮನೆಯ ಕಥೆಯನ್ನು ಪೂರ್ತಿ ಕೇಳದೆ ನಾನು ಪೆನ್ನು ಕೈಗೆತ್ತಿಕೊಳ್ಳುವುದಿಲ್ಲ.

ಈಗ ನಿಮ್ಮ ವಿಷಯ. ಗರ್ಭಿಣಿಯಲ್ಲದ ಮಹಿಳೆಯ ಹಿಮೊಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. 8.9 ಎಂಬುದು ಊಟವೊಂದರಿಂದಲೇ ತುಂಬಿಕೊಳ್ಳಬಹುದಾದ ಕೊರತೆಯಲ್ಲ. ಮಾತ್ರೆ ಬೇಕೇ ಬೇಕು. ಅದಕ್ಕಿಂತ ಮುಖ್ಯವಾಗಿ, ರಕ್ತ ಎಲ್ಲಿ ಸೋರಿಹೋಗುತ್ತಿದೆ ಎಂಬುದು ತಿಳಿಯಬೇಕು. ಮುಟ್ಟಿನ ಸ್ರಾವ ಏಳು ದಿನಕ್ಕಿಂತ ಹೆಚ್ಚು ಇರುತ್ತದೆಯೇ, ಗಡ್ಡೆಗಟ್ಟಿದಂತೆ ಹೋಗುತ್ತದೆಯೇ, ಮೂಲವ್ಯಾಧಿ ಇದೆಯೇ ಎಂಬುದನ್ನು ಸಂಕೋಚಪಡದೆ ವೈದ್ಯರಿಗೆ ಹೇಳಿ. ಸೋರುವ ಕೊಡಕ್ಕೆ ಎಷ್ಟು ನೀರು ಹೊಯ್ದರೂ ತುಂಬುವುದಿಲ್ಲ. ಮಾತ್ರೆಯಿಂದ ಹೊಟ್ಟೆ ಉರಿ ಬಂದರೆ ಬಿಟ್ಟುಬಿಡುವುದರ ಬದಲು ಅದನ್ನೂ ವೈದ್ಯರಿಗೆ ತಿಳಿಸಿ; ಬೇರೆ ಬಗೆಯ ಮಾತ್ರೆ ಕೊಡುವುದು, ಊಟದ ನಂತರ ತೆಗೆದುಕೊಳ್ಳಲು ಹೇಳುವುದು, ದಿನ ಬಿಟ್ಟು ದಿನ ಕೊಡುವುದು, ಹೀಗೆ ಹಲವು ದಾರಿಗಳು ಅವರ ಬಳಿ ಇವೆ. ಮಾತ್ರೆ ನುಂಗಿದಾಗ ಮಲ ಕಪ್ಪಾಗುವುದು ಸಹಜ, ಹೆದರಬೇಕಿಲ್ಲ. ಆದರೆ ಅದನ್ನು ಹಾಲು, ಚಹಾ ಅಥವಾ ಕ್ಯಾಲ್ಸಿಯಂ ಮಾತ್ರೆಯ ಜೊತೆಗೆ ತೆಗೆದುಕೊಳ್ಳಬೇಡಿ. ಹಿಮೊಗ್ಲೋಬಿನ್ ಏರಿದ ಮೇಲೂ ದೇಹದ ಸಂಗ್ರಹ ತುಂಬಲು ಕೆಲವು ತಿಂಗಳು ಮಾತ್ರೆ ಮುಂದುವರಿಸಬೇಕಾಗುತ್ತದೆ.

ಬೀಟ್‌ರೂಟಿನ ಬಣ್ಣ ನೋಡಿ ಅದರಲ್ಲಿ ರಕ್ತವಿದೆ ಎಂದುಕೊಳ್ಳುವುದು ನಮ್ಮಲ್ಲಿ ಹಳೆಯ ನಂಬಿಕೆ. 100 ಗ್ರಾಂ ಬೀಟ್‌ರೂಟಿನಲ್ಲಿ 1 ಮಿಲಿಗ್ರಾಂನಷ್ಟೂ ಕಬ್ಬಿಣಾಂಶ ಇಲ್ಲ; ನಿಮ್ಮ ವಯಸ್ಸಿನ ಮಹಿಳೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿರುವುದು ದಿನಕ್ಕೆ 29 ಮಿಲಿಗ್ರಾಂ. ಅದನ್ನು ಕೊಡಬಲ್ಲ ಪದಾರ್ಥಗಳು ನಿಮ್ಮ ಅಡುಗೆಮನೆಯಲ್ಲೇ ಇವೆ: ಹುರುಳಿ, ಮಡಿಕೆಕಾಳು, ಅಲಸಂದಿ, ರಾಜಗಿರಿ ಸೊಪ್ಪು, ಗುರೆಳ್ಳು ಹಿಂಡಿ (ಚಟ್ನಿಪುಡಿ). ಸಸ್ಯಾಹಾರದ ಕಬ್ಬಿಣವನ್ನು ನಮ್ಮ ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಎಂಬ ಅಂಶ ತಗ್ಗುತ್ತದೆ. ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿಕೊಂಡರೆ, ಅಥವಾ ಹಸಿ ನೆಲ್ಲಿಕಾಯಿ ಚಟ್ನಿ ನಂಜಿಕೊಂಡರೆ, ಅದರ ಸಿ ಜೀವಸತ್ವ ಕಬ್ಬಿಣವನ್ನು ದೇಹಕ್ಕೆ ದಾಟಿಸುತ್ತದೆ. ಊಟದ ಬೆನ್ನಲ್ಲೇ ಕುಡಿಯುವ ಚಹಾ ಇದಕ್ಕೆ ನೇರ ವಿರುದ್ಧ ಕೆಲಸ ಮಾಡುತ್ತದೆ. ಚಹಾ ಬಿಡಿ ಎನ್ನುವುದಿಲ್ಲ. ಊಟಕ್ಕೂ ಅದಕ್ಕೂ ಒಂದು ಗಂಟೆಯ ಅಂತರವಿರಲಿ. ಮಾಂಸ, ಮೀನು ತಿನ್ನುವ ಮನೆಯಾದರೆ ನಿಮ್ಮ ಪಾಲು ನಿಮಗೆ ಸಿಗಲಿ. ಅದರಲ್ಲಿನ ಕಬ್ಬಿಣ ಸುಲಭವಾಗಿ ಮೈಗೂಡುತ್ತದೆ.

ಇಷ್ಟೆಲ್ಲ ಬರೆದ ಮೇಲೂ ನನಗೆ ಹೆಚ್ಚು ಮುಖ್ಯವೆನಿಸುವುದು ಬೇರೆಯೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಅಂಥ ಸಂಖ್ಯೆಗೆ ಕಾರಣಗಳು ಅನೇಕ. ಆದರೆ ಉಳಿದದ್ದನ್ನು ಉಣ್ಣುವ ನಮ್ಮ ಮನೆಗಳ ರೂಢಿಯೂ ಅವುಗಳಲ್ಲಿ ಒಂದೆಂದು ನನ್ನ ಎದುರು ಕುಳಿತ ಎಷ್ಟೋ ಹೆಣ್ಣುಮಕ್ಕಳು ನನಗೆ ಕಲಿಸಿದ್ದಾರೆ. ನಾಳೆಯಿಂದ ಬಡಿಸಲು ಆರಂಭಿಸುವ ಮೊದಲೇ ನಿಮ್ಮ ಪಾಲಿನ ಕಾಳು, ಸೊಪ್ಪು, ಮೊಸರನ್ನು ಒಂದು ಡಬ್ಬಿಯಲ್ಲಿ ತೆಗೆದು ಮುಚ್ಚಿಡಿ. ಮುಂದಿನ ಬಾರಿ ವೈದ್ಯರ ಬಳಿ ಹೋಗುವಾಗ ನಿಮ್ಮ ಯಜಮಾನರನ್ನೂ ಕರೆದುಕೊಂಡು ಹೋಗಿ, 8.9 ಎಂದರೇನು ಎಂಬುದನ್ನು ಅವರು ಬೇರೊಬ್ಬರ ಬಾಯಿಂದ ಕೇಳುವುದು ಒಳ್ಳೆಯದು.

ಪ್ರಶ್ನೆ: ನಮ್ಮ ಮಾವನವರಿಗೆ 72 ವರ್ಷ, ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 8.6 ಬಂದಿದೆ. ಮಧ್ಯಾಹ್ನ ಎರಡು ಮುದ್ದೆ ಬೇಕೇ ಬೇಕು. ರಾಗಿ ಸಕ್ಕರೆಗೆ ಒಳ್ಳೆಯದು ಎನ್ನುತ್ತಾರೆ. ಯಾರೋ ಹೇಳಿದರೆಂದು ಬೆಳಿಗ್ಗೆ ಹಾಗಲಕಾಯಿ ರಸ, ಮೆಂತ್ಯದ ನೀರು ಕುಡಿದು ತಿಂಡಿ ಬಿಟ್ಟಿದ್ದಾರೆ. ಹನ್ನೊಂದು ಗಂಟೆಗೆ ಬೆವರಿ ಕೈ ನಡುಗುತ್ತದೆ. ಇದು ನಿಶ್ಶಕ್ತಿಯೇ?
– ಓದುಗರು, ತುಮಕೂರು

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಭಾಗಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಕಾಯುವಂಥದ್ದಲ್ಲ. ಆ ನಡುಕ ಬಹುಮಟ್ಟಿಗೆ ರಕ್ತದಲ್ಲಿ ಸಕ್ಕರೆ ಕುಸಿದಿರುವುದರ ಸೂಚನೆ. ಗ್ಲಿಮೆಪಿರೈಡ್ ಮಾತ್ರೆ ಊಟ ಮಾಡಿದರೂ ಮಾಡದಿದ್ದರೂ ಇನ್ಸುಲಿನ್ ಸುರಿಸುತ್ತದೆ. ಅದನ್ನು ನುಂಗಿ ತಿಂಡಿ ಬಿಟ್ಟು, ಸಕ್ಕರೆ ಇಳಿಸುವ ಗುಣವಿರುವ ಹಾಗಲಕಾಯಿಯನ್ನೂ ಮೆಂತ್ಯವನ್ನೂ ಅದರ ಮೇಲೆ ಕುಡಿದರೆ ಇಳಿತ ಅಪಾಯದ ಮಟ್ಟ ಮುಟ್ಟಬಹುದು. ಈ ವಯಸ್ಸಿನಲ್ಲಿ ಬಿದ್ದು ಸೊಂಟ ಮುರಿದುಕೊಳ್ಳಲು ಅಷ್ಟೇ ಸಾಕು. ಮುಂದೆ ನಡುಕ ಬಂದಾಗ ಗ್ಲುಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆಯಿದ್ದರೆ, ಅಥವಾ ನೋಡುವ ಸಾಧನವೇ ಇಲ್ಲದಿದ್ದರೆ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ತಕ್ಷಣ ಕುಡಿಸಿ, ಹದಿನೈದು ನಿಮಿಷದ ನಂತರ ಮತ್ತೆ ನೋಡಿ, ಸರಿಹೋದ ಮೇಲೆ ಏನಾದರೂ ತಿನ್ನಿಸಿ. ಪ್ರಜ್ಞೆ ಮಂಕಾಗಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ನಾಳೆಯಿಂದಲೇ ಬೆಳಗಿನ ತಿಂಡಿ ಬರಲಿ, ರಸ ನಿಲ್ಲಲಿ, ಈ ವಾರವೇ ವೈದ್ಯರು ಮಾತ್ರೆಯ ಪ್ರಮಾಣವನ್ನು ನೋಡಲಿ. ಮೆಟ್‌ಫಾರ್ಮಿನ್ ಬಹಳ ವರ್ಷ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಕಡಿಮೆಯಾಗುವುದುಂಟು. ಅದರ ಪರೀಕ್ಷೆಯನ್ನೂ ಕೇಳಿ.

ಇನ್ನು ಮುದ್ದೆ. ಹಿಟ್ಟು ತಿಂದವರು ಬೆಟ್ಟ ಕಿತ್ತಿಟ್ಟರೆಂಬ ಮಾತು ಸುಳ್ಳಲ್ಲ, ಆದರೆ ಆಗ ಉಂಡವರು ದಿನವಿಡೀ ಹೊಲದಲ್ಲಿ ದುಡಿಯುತ್ತಿದ್ದರು. ನಾವು ಹೊಲದ ಕೆಲಸ ಬಿಟ್ಟಿದ್ದೇವೆ, ಮುದ್ದೆಯ ಗಾತ್ರವನ್ನು ಬಿಟ್ಟಿಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ ಬೇರೆ ಯಾವ ಧಾನ್ಯದಲ್ಲೂ ಇಲ್ಲದಷ್ಟಿದೆ, 100 ಗ್ರಾಂಗೆ 340 ಮಿಲಿಗ್ರಾಂಗಿಂತ ಹೆಚ್ಚು. ಆದರೆ ಅಷ್ಟೇ ರಾಗಿಯಲ್ಲಿ ಸುಮಾರು 70 ಗ್ರಾಂ ಶರ್ಕರಪಿಷ್ಟವೂ (ಕಾರ್ಬೋಹೈಡ್ರೇಟ್) ಇದೆ, ಹಿಟ್ಟು ನುಣ್ಣಗಿದ್ದಷ್ಟೂ ಅದು ಬೇಗ ಸಕ್ಕರೆಯಾಗುತ್ತದೆ. ಹಾಗೆಂದು ಎಪ್ಪತ್ತು ವರ್ಷ ಉಂಡ ಮುದ್ದೆಯನ್ನು ಅವರಿಂದ ಕಿತ್ತುಕೊಳ್ಳಬೇಡಿ. ಒಂದು ಮುದ್ದೆ ಇರಲಿ, ಅದು ಮುಷ್ಟಿಯಷ್ಟಿರಲಿ. ಎರಡನೆಯ ಮುದ್ದೆಯ ಜಾಗದಲ್ಲಿ ಸೊಪ್ಪು, ಕಾಳು ಹೇರಳವಾಗಿರುವ ಬಸ್ಸಾರಿನ ಪಲ್ಯ ಒಂದು ಬಟ್ಟಲು ಬರಲಿ, ಅದನ್ನು ಮುದ್ದೆಗಿಂತ ಮೊದಲೇ ತಿನ್ನಲಿ. ತಿಳಿಸಾರಿನಲ್ಲಿ ಮುದ್ದೆ ನುಂಗುವುದಕ್ಕೂ ಇದಕ್ಕೂ ವ್ಯತ್ಯಾಸ ಗ್ಲುಕೋಮೀಟರಿನಲ್ಲೇ ಕಾಣುತ್ತದೆ. ಉಂಡ ಮೇಲೆ ಹತ್ತು ಹದಿನೈದು ನಿಮಿಷ ಅಂಗಳದಲ್ಲಿ ನಿಧಾನವಾಗಿ ನಡೆದಾಡಲಿ. ಈ ಬದಲಾವಣೆಯನ್ನು ಸೊಸೆಯಾದ ನೀವೊಬ್ಬರೇ ಹೇಳಿದರೆ ಅವರಿಗೆ ಕಟ್ಟುಪಾಡಿನಂತೆ ಕೇಳಿಸಬಹುದು. ಊಟಕ್ಕೆ ಮೊದಲು ಮತ್ತು ಊಟವಾದ ಎರಡು ಗಂಟೆಯ ನಂತರದ ಸಂಖ್ಯೆಗಳನ್ನು ಒಂದು ವಾರ ಅವರ ಕೈಯಿಂದಲೇ ಪುಸ್ತಕದಲ್ಲಿ ಬರೆಸಿ. ಹೊಲದ ಲೆಕ್ಕ ಇಟ್ಟವರು ಇದನ್ನೂ ಚೆನ್ನಾಗಿ ಇಡುತ್ತಾರೆ ಎಂಬುದು ನನ್ನ ಅನುಭವ.

ಪ್ರಶ್ನೆ: ನನಗೆ 46 ವರ್ಷ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ, ಮೂತ್ರಪಿಂಡದ ಕೆಲಸ ತೋರಿಸುವ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.9 ಇದೆ. ಹೋಲಿಸ್ಟಿಕ್ (ಸಮಗ್ರ) ನ್ಯೂಟ್ರಿಷನಿಸ್ಟ್ ಎಂದು ಹೇಳಿಕೊಳ್ಳುವವರೊಬ್ಬರು ದೇಹ ಶುದ್ಧಿಗೆ 21 ದಿನ ಎಳನೀರು, ಸೊಪ್ಪಿನ ರಸ ಮತ್ತು ತಮ್ಮದೇ ಪುಡಿ ತೆಗೆದುಕೊಳ್ಳಬೇಕು, ಮಾತ್ರೆಯನ್ನು ಮೆಲ್ಲಗೆ ಬಿಡಬಹುದು ಎಂದಿದ್ದಾರೆ. ಪುಡಿಗೆ ಸರ್ಕಾರದ ಪರವಾನಗಿ ಸಂಖ್ಯೆಯೂ ಇದೆ. ನಂಬಬಹುದೇ?
– ಓದುಗರು, ಬೆಂಗಳೂರು

ಉತ್ತರ: ದಯವಿಟ್ಟು ಆರಂಭಿಸಬೇಡಿ, ಆರಂಭಿಸಿದ್ದರೆ ಇಂದೇ ನಿಲ್ಲಿಸಿ. ಕ್ರಿಯಾಟಿನಿನ್ 1.9 ಇರುವವರ ಮೂತ್ರಪಿಂಡ ಪೊಟ್ಯಾಸಿಯಂ ಅನ್ನು ಸರಿಯಾಗಿ ಹೊರಹಾಕದೆ ಇರಬಹುದು. ಎಳನೀರಿನಲ್ಲೂ ಸೊಪ್ಪಿನ ರಸದಲ್ಲೂ ಪೊಟ್ಯಾಸಿಯಂ ಧಾರಾಳವಾಗಿದೆ. ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ರಕ್ತದೊತ್ತಡದ ಕೆಲವು ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಇತ್ತ ಮಾತ್ರೆ ಬಿಟ್ಟರೆ ಒತ್ತಡ ಏರಿ ಮೂತ್ರಪಿಂಡ ಮತ್ತಷ್ಟು ಹಾಳಾಗುತ್ತದೆ. ಮತ್ತೊಬ್ಬರಿಗೆ ಅಮೃತವಾಗುವ ಎಳನೀರು ನಿಮಗೆ ಏಕೆ ಬೇಡ ಎಂಬುದನ್ನು ನಿಮ್ಮ ರಕ್ತಪರೀಕ್ಷೆಯ ವರದಿ ಕೇಳಿ ನೋಡದೆ ಯಾರೂ ಹೇಳಲಾರರು, ಆ ಸಲಹೆಗಾರರು ಅದನ್ನು ಕೇಳಿದಂತೆ ನಿಮ್ಮ ಪತ್ರದಲ್ಲಿ ಕಾಣುವುದಿಲ್ಲ. ದೇಹವನ್ನು ಶುದ್ಧಿ ಮಾಡುವ ಕೆಲಸ ಯಕೃತ್ತು ಮತ್ತು ಮೂತ್ರಪಿಂಡದ್ದು. ದಣಿದಿರುವ ಮೂತ್ರಪಿಂಡಕ್ಕೆ ಪುಡಿಯ ಹೊರೆ ಬೇಡ.

ಡಬ್ಬಿಯ ಮೇಲೆ ಇರುವ, ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆಯಿಂದ ತಿಳಿಯುವುದು ಆ ಆಹಾರ ವ್ಯಾಪಾರಿಗೆ ಪರವಾನಗಿ ಅಥವಾ ನೋಂದಣಿ ಇದೆ ಎಂದಷ್ಟೇ. ಪುಡಿ ರೋಗ ವಾಸಿ ಮಾಡುತ್ತದೆ ಎಂದು ಯಾರೂ ಪರೀಕ್ಷಿಸಿ ಒಪ್ಪಿದ್ದಾರೆಂದು ಅದರ ಅರ್ಥವಲ್ಲ.

ನನ್ನ ಕೆಲಸವನ್ನೂ ಸಮಗ್ರ ಆಹಾರ ಸಲಹೆ ಎಂದೇ ಜನ ಕರೆಯುವುದರಿಂದ ಈ ಪದ ಹೀಗೆ ಬಳಕೆಯಾಗುವುದು ನನಗೆ ನೋವು ತರುತ್ತದೆ. ಸಮಗ್ರ ಎಂದರೆ ಔಷಧಿಯನ್ನು ಹೊರಗಿಡುವುದಲ್ಲ. ಔಷಧಿ, ನಿದ್ರೆ, ದುಡಿಮೆ, ದುಃಖ, ಮನೆಯ ಆದಾಯ, ಹಲ್ಲಿನ ಸ್ಥಿತಿ, ಇವೆಲ್ಲವನ್ನೂ ತಟ್ಟೆಯ ಜೊತೆಗೇ ನೋಡುವುದು. ಸಲಹೆಗಾರರನ್ನು ಆರಿಸುವಾಗ ಪೌಷ್ಟಿಕ ವಿಜ್ಞಾನದ ಪದವಿ ಇದೆಯೇ, ಭಾರತೀಯ ಆಹಾರ ತಜ್ಞರ ಸಂಘ ಪರೀಕ್ಷೆ ನಡೆಸಿ ನೀಡುವ ನೋಂದಾಯಿತ ಆಹಾರ ತಜ್ಞ ಎಂಬ ಮಾನ್ಯತೆ ಇದೆಯೇ ಎಂದು ಕೇಳಿ. ಕೇಳಿದ್ದಕ್ಕೆ ಬೇಸರಪಡುವವರನ್ನು ಬಿಟ್ಟುಬಿಡಿ. ಸಲಹೆ ಕೊಡುವವರೇ ಸರಕನ್ನೂ ಮಾರುವುದು ನನಗೆ ಒಪ್ಪಿಗೆಯಿಲ್ಲ; ಪುಡಿ ಮಾರಲೇಬೇಕಾದವರಿಗೆ ನಿಮಗೆ ಪುಡಿ ಬೇಡ ಎನ್ನುವುದು ಕಷ್ಟ. ನಿಮ್ಮ ಮಟ್ಟಿಗೆ, ಮೂತ್ರಪಿಂಡ ತಜ್ಞರು ಇರುವ ಆಸ್ಪತ್ರೆಯಲ್ಲಿನ ಆಹಾರ ತಜ್ಞರನ್ನೇ ಕಾಣಿರಿ. ಅಲ್ಲಿಯವರೆಗೆ ಉಪ್ಪನ್ನು ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಮಚದೊಳಗೆ ಇಡಿ, ಉಪ್ಪಿನಕಾಯಿ ಹಪ್ಪಳವೂ ಆ ಲೆಕ್ಕದಲ್ಲೇ ಬರಲಿ. ಸೋಡಿಯಂ ಕಡಿಮೆ ಎಂದು ಮಾರುವ ಉಪ್ಪು ಬೇಡ. ಅದರಲ್ಲೂ ಪೊಟ್ಯಾಸಿಯಂ ಇರುತ್ತದೆ.

ಪ್ರಶ್ನೆ: ಥೈರಾಯ್ಡ್ ಮಾತ್ರೆ ತೆಗೆದುಕೊಂಡ ತಕ್ಷಣ ಕಾಫಿ ಕುಡಿಯುತ್ತೇನೆ. ಎಲೆಕೋಸು ಬಿಟ್ಟಿದ್ದೇನೆ. ಆದರೂ ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಸೂಚಕವಾದ ಟಿಎಸ್‌ಎಚ್ ಇಳಿಯುತ್ತಿಲ್ಲ.
– ಓದುಗರು, ಶಿವಮೊಗ್ಗ

ಉತ್ತರ: ಬಿಡಬೇಕಾಗಿದ್ದುದು ಎಲೆಕೋಸನ್ನಲ್ಲ, ಮಾತ್ರೆಯ ಬೆನ್ನಿಗೆ ಕುಡಿಯುವ ಕಾಫಿಯನ್ನು. ಬೇಯಿಸಿದ ಎಲೆಕೋಸಿನ ಪಲ್ಯವನ್ನು ವಾರಕ್ಕೆ ಒಂದೆರಡು ಸಲ ತಿನ್ನುವುದರಿಂದ ತೊಂದರೆಯಿಲ್ಲ. ಆದರೆ ಲೆವೊಥೈರಾಕ್ಸಿನ್ ಎಂಬ ಥೈರಾಯ್ಡ್ ಮಾತ್ರೆಯನ್ನು ಕರುಳು ಹೀರಿಕೊಳ್ಳುವುದನ್ನು ಕಾಫಿ ತಡೆಯುತ್ತದೆ. ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ಮಾತ್ರೆ ನುಂಗಿ, ಕಾಫಿಯನ್ನು ಒಂದು ಗಂಟೆ ತಡೆಯಿರಿ. ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆಯೂ ಇದ್ದರೆ ನಾಲ್ಕು ಗಂಟೆ ಅಂತರವಿರಲಿ. ಹೀಗೆ ಆರರಿಂದ ಎಂಟು ವಾರ ನಡೆಸಿ, ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಕಾಫಿಯ ಹೊತ್ತು ಬದಲಾದದ್ದನ್ನು ವೈದ್ಯರಿಗೆ ಹೇಳುವುದನ್ನು ಮರೆಯಬೇಡಿ. ಮಾತ್ರೆ ಈಗ ಪೂರ್ತಿ ಮೈಗೆ ಹತ್ತತೊಡಗಿದರೆ ಅದರ ಪ್ರಮಾಣವನ್ನು ಅವರು ಇಳಿಸಬೇಕಾಗಬಹುದು.