ಆಸ್ಟಿನ್‌ನ 10.72, ಪ್ಯಾರಿಸ್‌ನ 10.72

ಕೆರಿಬಿಯನ್ ದ್ವೀಪರಾಷ್ಟ್ರ ಸೇಂಟ್ ಲೂಸಿಯಾದ ಓಟಗಾರ್ತಿ ಜೂಲಿಯೆನ್ ಆಲ್ಫ್ರೆಡ್ ಅವರನ್ನು ಕುರಿತು ಹಿಂದಿನ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನವನ್ನು ಓದಿ, ತುಮಕೂರು ಜಿಲ್ಲೆಯ ಪದವಿ ಕಾಲೇಜೊಂದರ ದೈಹಿಕ ಶಿಕ್ಷಣ ನಿರ್ದೇಶಕರು ದೀರ್ಘವಾದ ಪತ್ರ ಬರೆದಿದ್ದಾರೆ. ಒಲಿಂಪಿಕ್ ಚಿನ್ನದ ಲೇಖನದಲ್ಲಿ ಅರ್ಧದಷ್ಟು ಜಾಗವನ್ನು ಅಮೆರಿಕದ ಕಾಲೇಜು ಕೂಟಗಳ ವಿವರಕ್ಕೆ ಕೊಟ್ಟದ್ದೇಕೆ ಎಂಬುದು ಅವರ ಮೊದಲ ಆಕ್ಷೇಪ. ಅಮೆರಿಕದ ವಿಶ್ವವಿದ್ಯಾಲಯವೊಂದು ರೂಪಿಸಿದ ಓಟಗಾರ್ತಿಯನ್ನು ‘ಪುಟ್ಟ ದ್ವೀಪದ ಮಗಳು’ ಎಂದು ಕೊಂಡಾಡುವುದು ಬರೀ ಭಾವುಕತೆ ಎಂಬುದು ಎರಡನೆಯದು. ಕೊನೆಯಲ್ಲಿ ಅವರು ತಮ್ಮ ವಿದ್ಯಾರ್ಥಿನಿಯೊಬ್ಬಳ ವಿಚಾರ ಎತ್ತಿದ್ದಾರೆ. ಎರಡನೆಯ ವರ್ಷದ ಬಿ.ಎ. ಓದುತ್ತಿರುವ, ನೂರು ಮೀಟರನ್ನು 12.4 ಸೆಕೆಂಡುಗಳಲ್ಲಿ ಓಡುವ ಆ ಹುಡುಗಿಗೆ, ಪದವಿಯೊಂದಿಗೆ ಓಟವೂ ಮುಗಿಯಬೇಕೆಂದು ಮನೆಯವರು ಈಗಲೇ ಹೇಳುತ್ತಿದ್ದಾರಂತೆ. ಆಲ್ಫ್ರೆಡ್ ಅವರ ಬದುಕಿನಿಂದ ಅವಳಿಗೆ ಹೇಳಬಹುದಾದದ್ದು ಏನಾದರೂ ಇದೆಯೇ ಎಂದು ಕೇಳಿದ್ದಾರೆ.

ಮಾನ್ಯರೆ,

ತಮ್ಮ ಮೊದಲ ಆಕ್ಷೇಪಕ್ಕೆ ಉತ್ತರ ಒಂದೇ ಅಂಕಿಯಲ್ಲಿದೆ, ಆದರೆ ಆ ಅಂಕಿ ಎರಡು ಬಾರಿ ಬರುತ್ತದೆ. 2023ರ ಜೂನ್ 10ರಂದು, ತಮ್ಮ 22ನೆಯ ಹುಟ್ಟುಹಬ್ಬದ ದಿನ, ಆಲ್ಫ್ರೆಡ್ ಅವರು ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿ ನಡೆದ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ರಾಷ್ಟ್ರೀಯ ಸಂಸ್ಥೆ) ಹೊರಾಂಗಣ ಚಾಂಪಿಯನ್‌ಷಿಪ್‌ನ 100 ಮೀಟರ್ ಫೈನಲನ್ನು 10.72 ಸೆಕೆಂಡುಗಳಲ್ಲಿ ಗೆದ್ದರು. 2024ರ ಆಗಸ್ಟ್ 3ರಂದು ಪ್ಯಾರಿಸ್ ಒಲಿಂಪಿಕ್ಸ್‌ನ ಫೈನಲ್ ಗೆದ್ದದ್ದೂ 10.72ರಲ್ಲಿಯೇ. ಎರಡೂ ಓಟಗಳು ಸರಿಸಮಾನವೆಂದು ನಾನು ವಾದಿಸುವುದಿಲ್ಲ. ಆಸ್ಟಿನ್‌ನಲ್ಲಿ ಬೆನ್ನ ಹಿಂದಿನಿಂದ ಬೀಸುತ್ತಿದ್ದ ಗಾಳಿಯ ವೇಗ ಸೆಕೆಂಡಿಗೆ 2.3 ಮೀಟರ್ ಇತ್ತು, 2.0 ದಾಟಿದರೆ ಗೆಲುವು ಗೆಲುವಾಗಿಯೇ ಉಳಿದರೂ ಸಮಯ ದಾಖಲೆಗೆ ಸೇರುವುದಿಲ್ಲ. ಪ್ಯಾರಿಸ್‌ನಲ್ಲಿ ಮಳೆ ಸುರಿದಿತ್ತು, ಗಾಳಿ 0.1ರಷ್ಟು ಎದುರಿನಿಂದ ಬರುತ್ತಿತ್ತು. ಹದಿನಾಲ್ಕು ತಿಂಗಳುಗಳಲ್ಲಿ ಅವರು ಗಾಳಿಯ ನೆರವಿಲ್ಲದೆ ಅದೇ ಸಮಯವನ್ನು ಮುಟ್ಟುವಷ್ಟು ಬೆಳೆದಿದ್ದರು. ಆದರೆ ವಿದ್ಯಾರ್ಥಿನಿಯಾಗಿ ಕೊನೆಯ ಬಾರಿ ಓಡಿದ ಸಂಜೆಯೇ ಆ ವೇಗ ಕಾಣಿಸಿಕೊಂಡಿತ್ತು ಎಂಬುದನ್ನು ಬಿಟ್ಟು ಪ್ಯಾರಿಸ್ ಬಗ್ಗೆ ಬರೆದರೆ, ಅಪರಿಚಿತಳೊಬ್ಬಳು ಎಲ್ಲಿಂದಲೋ ಬಂದು ಚಿನ್ನ ಗೆದ್ದಳು ಎಂದಾಗುತ್ತದೆ. ಆಗ ಹಲವು ಪತ್ರಿಕೆಗಳ ಧಾಟಿ ಇದ್ದದ್ದೂ ಹಾಗೆಯೇ.

ಆ ಸಂಜೆಯ ಉಳಿದ ಲೆಕ್ಕವನ್ನೂ ಒಮ್ಮೆ ನೋಡಬೇಕು. ಅದೇ ಟ್ರ್ಯಾಕಿನಲ್ಲಿ ಅವರು 200 ಮೀಟರನ್ನು, ಮತ್ತೆ ನಿಯಮ ಮೀರಿದ ಗಾಳಿಯಲ್ಲಿ, 21.73ರಲ್ಲಿ ಗೆದ್ದರು, 4x100 ರಿಲೇಯಲ್ಲಿ ಗೆದ್ದ, ತಾವು ಓದುತ್ತಿದ್ದ ಟೆಕ್ಸಸ್ ವಿಶ್ವವಿದ್ಯಾಲಯದ ತಂಡದಲ್ಲಿಯೂ ಇದ್ದರು. ಎನ್‌ಸಿಎಎ ಕೂಟದಲ್ಲಿ ಮೊದಲ ಸ್ಥಾನಕ್ಕೆ 10 ಅಂಕ, ಎರಡನೆಯದಕ್ಕೆ 8, ಹೀಗೆ ಎಂಟನೆಯ ಸ್ಥಾನದವರೆಗೆ ಅಂಕಗಳು ತಂಡದ ಖಾತೆಗೆ ಸೇರುತ್ತವೆ. ಟೆಕ್ಸಸ್ ಮಹಿಳೆಯರು 83 ಅಂಕಗಳೊಂದಿಗೆ ತಂಡದ ಪ್ರಶಸ್ತಿ ಪಡೆದರು. ಅದರಲ್ಲಿ 20 ಅಂಕ ಆಲ್ಫ್ರೆಡ್ ಒಬ್ಬರದೇ ಓಟದಿಂದ ಬಂದವು, ರಿಲೇಯ 10ರಲ್ಲಿ ಅವರ ಪಾಲು ಬೇರೆ. ಅದೇ ತಂಡದ ರಾಸಿಡಾಟ್ ಅಡೆಲೆಕೆ ಎಂಬ ಐರ್ಲೆಂಡಿನ ಹುಡುಗಿ 400 ಮೀಟರನ್ನು 49.20ರಲ್ಲಿ ಗೆದ್ದಳು. ಆ ವರ್ಷದ ಮಾರ್ಚ್‌ನಲ್ಲಿ, ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದ ಆಲ್ಬುಕರ್ಕಿಯಲ್ಲಿ ನಡೆದ ಒಳಾಂಗಣ ಚಾಂಪಿಯನ್‌ಷಿಪ್‌ನಲ್ಲಿ ಆಲ್ಫ್ರೆಡ್ 60 ಮೀಟರನ್ನು 6.94ರಲ್ಲಿ, 200 ಮೀಟರನ್ನು 22.01ರಲ್ಲಿ ಓಡಿದ್ದರು. ಒಳಾಂಗಣ 60 ಮೀಟರಿನ ವಿಶ್ವದಾಖಲೆಯೇ 6.92; ಒಬ್ಬ ವಿದ್ಯಾರ್ಥಿನಿ ಅದಕ್ಕಿಂತ ಸೆಕೆಂಡಿನ ನೂರರಲ್ಲಿ ಎರಡು ಭಾಗ ಮಾತ್ರ ಹಿಂದಿದ್ದಳು. ಅಮೆರಿಕದ ಕಾಲೇಜು ಅಥ್ಲೀಟುಗಳಿಗೆ ಸಲ್ಲುವ ಅತಿ ದೊಡ್ಡ ಗೌರವವಾದ ‘ಬೋವರ್‌ಮನ್’ ಪ್ರಶಸ್ತಿ ಆ ವರ್ಷ ಅವರಿಗೆ ಬಂದದ್ದರಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ.

ಇಂಥ ಕೂಟವನ್ನು ನಮ್ಮ ಕಾಲೇಜು ವಾರ್ಷಿಕ ಕ್ರೀಡಾಕೂಟದ ದೊಡ್ಡ ರೂಪವೆಂದು ಭಾವಿಸುವುದು ಸರಿಯಲ್ಲ. ಪ್ಯಾರಿಸ್‌ನ ವೇದಿಕೆಯನ್ನೇ ನೋಡಿ. 100 ಮೀಟರಿನಲ್ಲಿ ಎರಡನೆಯವರಾಗಿ 10.87ರಲ್ಲಿ ಬಂದ ಶಾಕ್ಯಾರಿ ರಿಚರ್ಡ್‌ಸನ್ ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದವರು. 2019ರಲ್ಲಿ ಅದರ ಪರವಾಗಿ 10.75 ಓಡಿದವರು. ಮೂರನೆಯ ಮೆಲಿಸಾ ಜೆಫರ್ಸನ್ ಕೋಸ್ಟಲ್ ಕ್ಯಾರೊಲೈನಾದವರು. 2022ರಲ್ಲಿ ಎನ್‌ಸಿಎಎ ಒಳಾಂಗಣ 60 ಮೀಟರ್ ಗೆದ್ದವರು. 200 ಮೀಟರಿನಲ್ಲಿ ಆಲ್ಫ್ರೆಡ್ ಅವರನ್ನು ಹಿಂದಿಕ್ಕಿ 21.83ರಲ್ಲಿ ಚಿನ್ನ ಗೆದ್ದ ಗ್ಯಾಬಿ ಥಾಮಸ್ ಹಾರ್ವರ್ಡ್‌ನಲ್ಲಿ ಓದಿದವರು, ಕಂಚು ಗೆದ್ದ ಬ್ರಿಟ್ನಿ ಬ್ರೌನ್ ಅಯೋವಾದವರು. ಅಂದರೆ ಎರಡು ಸ್ಪರ್ಧೆಗಳ ಐದೂ ಪದಕ ವಿಜೇತೆಯರು ಒಂದೇ ಕಾಲೇಜು ವ್ಯವಸ್ಥೆಯಲ್ಲಿ ಹಾದುಬಂದವರು. ಈ ಪರಂಪರೆ ಹಳೆಯದು. 1960ರ ರೋಮ್‌ನಲ್ಲಿ ಮೂರು ಚಿನ್ನ ಗೆದ್ದ ವಿಲ್ಮಾ ರುಡಾಲ್ಫ್, 1964 ಮತ್ತು 1968ರಲ್ಲಿ ಸತತವಾಗಿ 100 ಮೀಟರ್ ಗೆದ್ದ ವಯೋಮಿಯಾ ಟೈಯಸ್ ಇಬ್ಬರೂ ಟೆನೆಸಿ ಸ್ಟೇಟ್‌ನಲ್ಲಿ ಎಡ್ ಟೆಂಪಲ್ ಅವರ ಕೈಯಲ್ಲಿ ತಯಾರಾದವರು. ಆ ಕಾಲಕ್ಕೆ ಎನ್‌ಸಿಎಎಯಲ್ಲಿ ಮಹಿಳೆಯರ ಚಾಂಪಿಯನ್‌ಷಿಪ್ ಎಂಬುದೇ ಇರಲಿಲ್ಲ. ಸರ್ಕಾರದ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗಭೇದವನ್ನು ನಿಷೇಧಿಸಿದ 1972ರ ‘ಟೈಟಲ್ ನೈನ್’ ಕಾಯ್ದೆ ಬಂದು, ಹುಡುಗಿಯರ ಕ್ರೀಡೆಗೂ ಹಣ, ಕೋಚ್, ವಿದ್ಯಾರ್ಥಿವೇತನ ಒದಗಿಸಬೇಕಾದ ಅನಿವಾರ್ಯ ಉಂಟಾದ ಮೇಲೆ, 1982ರಲ್ಲಿ ಮಹಿಳೆಯರ ಮೊದಲ ಎನ್‌ಸಿಎಎ ಹೊರಾಂಗಣ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ನಡೆಯಿತು. ಸೇಂಟ್ ಲೂಸಿಯಾದ ಹುಡುಗಿಯೊಬ್ಬಳಿಗೆ ಟೆಕ್ಸಸ್‌ನಲ್ಲಿ ಖರ್ಚಿಲ್ಲದೆ ಓದಿ ಓಡುವ ಅವಕಾಶ ದೊರೆತದ್ದರ ಹಿಂದೆ ಈ ಕಾನೂನಿದೆ.

ಈಗ ತಮ್ಮ ಎರಡನೆಯ ಆಕ್ಷೇಪ. ಆಲ್ಫ್ರೆಡ್ ಅವರನ್ನು ಅಮೆರಿಕ ರೂಪಿಸಿತು ಎಂಬ ಮಾತಿನಲ್ಲಿ ಸತ್ಯಾಂಶವಿದೆ, ಆದರೆ ಅದು ಕಥೆಯನ್ನು ಹದಿನೇಳನೆಯ ವಯಸ್ಸಿನಿಂದ ಓದುವವರ ಮಾತು. ಸೇಂಟ್ ಲೂಸಿಯಾದ ಜನಸಂಖ್ಯೆ ಸುಮಾರು 1.8 ಲಕ್ಷ, ನಮ್ಮ ಎಷ್ಟೋ ತಾಲ್ಲೂಕುಗಳಲ್ಲಿ ಇದಕ್ಕಿಂತ ಹೆಚ್ಚು ಜನರಿದ್ದಾರೆ. ನಮ್ಮವರಲ್ಲಿ ಬಹಳಷ್ಟು ಮಂದಿಗೆ ಅದರ ಹೆಸರು ಗೊತ್ತಾದದ್ದು ಡ್ಯಾರೆನ್ ಸ್ಯಾಮಿ ಅವರಿಂದ ಮತ್ತು ಅವರ ಹೆಸರಿನ ಕ್ರಿಕೆಟ್ ಮೈದಾನದಿಂದ. ಅಲ್ಲಿನ ರಾಜಧಾನಿ ಕ್ಯಾಸ್ಟ್ರೀಸ್‌ನ ಸಿಸೆರಾನ್ ಎಂಬ ಬಡಾವಣೆಯಲ್ಲಿ ಬೆಳೆದ ಆಲ್ಫ್ರೆಡ್ ಬರಿಗಾಲಿನಲ್ಲಿ, ಶಾಲೆಯ ಸಮವಸ್ತ್ರದಲ್ಲಿ ಓಡಿದವರು. 2013ರಲ್ಲಿ ತಂದೆ ತೀರಿಕೊಂಡಾಗ ಅವರಿಗೆ ಹನ್ನೆರಡರ ಆಸುಪಾಸು. ಆಗ ಅವರು ಓಟವನ್ನೇ ಬಿಟ್ಟುಬಿಟ್ಟಿದ್ದರು. ಮತ್ತೆ ಮೈದಾನಕ್ಕೆ ಕರೆತಂದವರು ಕತ್‌ಬರ್ಟ್ ಮೊಡೆಸ್ಟ್ ಎಂಬ ಸ್ಥಳೀಯ ಕೋಚ್. ಆ ದಿನ ಅವರು ಸುಮ್ಮನಿದ್ದಿದ್ದರೆ ಟೆಕ್ಸಸ್‌ಗೆ ರೂಪಿಸಲು ಯಾರೂ ಸಿಗುತ್ತಿರಲಿಲ್ಲ. ಹದಿನಾಲ್ಕರ ವಯಸ್ಸಿನಲ್ಲಿ ಮನೆಯವರನ್ನು ಬಿಟ್ಟು ಜಮೈಕಾಕ್ಕೆ ಹೋಗಿ ಸೇಂಟ್ ಕ್ಯಾಥರಿನ್ ಹೈಸ್ಕೂಲು ಸೇರಿದರು. 2018ರ ಬ್ಯೂನಸ್ ಐರಿಸ್ ಯುವ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಬೆಳ್ಳಿ ಗೆದ್ದಾಗ ಅವರಿನ್ನೂ ಟೆಕ್ಸಸ್ ಪರವಾಗಿ ಒಂದು ಓಟವನ್ನೂ ಓಡಿರಲಿಲ್ಲ.

ಪ್ಯಾರಿಸ್‌ನಲ್ಲಿ ಗೆದ್ದ ಮೇಲೆ ಅವರು ಆಡಿದ ಮಾತು ಇನ್ನೂ ಮುಖ್ಯವಾದದ್ದು. ತಮ್ಮ ದೇಶಕ್ಕೆ ಮೊಟ್ಟಮೊದಲ ಒಲಿಂಪಿಕ್ ಪದಕ ತಂದುಕೊಟ್ಟ ಆ ರಾತ್ರಿಯೇ, ಊರಿನಲ್ಲಿ ಸರಿಯಾದ ಸೌಲಭ್ಯಗಳಿಲ್ಲವೆಂದೂ, ಕ್ರೀಡಾಂಗಣ ದುರಸ್ತಿಯಾಗಿಲ್ಲವೆಂದೂ, ಈ ಚಿನ್ನದಿಂದಾದರೂ ಹೊಸ ಕ್ರೀಡಾಂಗಣ ಬಂದೀತೆಂದೂ ಅವರು ಹೇಳಿದರು. ಅದರ ಹಿನ್ನೆಲೆ ಇಷ್ಟು: 2009ರಲ್ಲಿ ದ್ವೀಪದ ದಕ್ಷಿಣ ಭಾಗದ ಸೇಂಟ್ ಜೂಡ್ ಆಸ್ಪತ್ರೆ ಬೆಂಕಿಗೆ ಆಹುತಿಯಾದಾಗ ರೋಗಿಗಳನ್ನು ಜಾರ್ಜ್ ಆಡ್ಲಮ್ ಕ್ರೀಡಾಂಗಣಕ್ಕೆ ಸಾಗಿಸಲಾಯಿತು, ತಾತ್ಕಾಲಿಕವೆಂದು ಆರಂಭವಾದ ಆ ಏರ್ಪಾಡು ವರ್ಷಗಟ್ಟಲೆ ಮುಂದುವರಿಯಿತು. ಆಟದ ಮೈದಾನವನ್ನು ಬೇರೆ ಕೆಲಸಕ್ಕೆ ಕೊಟ್ಟು ಮರೆತುಬಿಡುವುದು ನಮಗೇನೂ ಹೊಸದಲ್ಲ, ಬಿಡಿ. ಊರಿನ ಕೊರತೆಯನ್ನು ಜಗತ್ತಿನೆದುರು ಹೇಳುವ ಹಕ್ಕು ತನಗಿದೆ ಎಂದುಕೊಂಡವರು ಆ ಊರಿನವರೇ ಆಗಿರುತ್ತಾರೆ. ಆದ್ದರಿಂದ ‘ದ್ವೀಪದ ಮಗಳು’ ಎಂಬ ಮಾತನ್ನು ನಾವು ಹಿಂದಕ್ಕೆ ಪಡೆಯುವುದಿಲ್ಲ.

ಇಷ್ಟಾಗಿಯೂ ಟೆಕ್ಸಸ್‌ನ ಋಣ ದೊಡ್ಡದು, ಅದು ಕಾಲದ ರೂಪದಲ್ಲಿತ್ತು ಎಂದು ನನ್ನ ತಿಳಿವಳಿಕೆ. ರಿಚರ್ಡ್‌ಸನ್ ಒಂದೇ ವರ್ಷಕ್ಕೆ ಕಾಲೇಜು ಬಿಟ್ಟು ವೃತ್ತಿಪರರಾದರು. ಆಲ್ಫ್ರೆಡ್ 2019ರಿಂದ 2023ರವರೆಗೆ ಉಳಿದರು. ನಡುವೆ 2020ರಲ್ಲಿ ಕೋವಿಡ್ ಕಾರಣದಿಂದ ಎನ್‌ಸಿಎಎ ಕೂಟಗಳೇ ರದ್ದಾದವು. ಹೇಯ್ಟಿಯಲ್ಲಿ ಹುಟ್ಟಿ, ಕೆನಡಾ ಪರ ತ್ರಿವಿಧ ಜಿಗಿತದಲ್ಲಿ ಸ್ಪರ್ಧಿಸಿದ್ದ ಎಡ್ರಿಕ್ ಫ್ಲೊರಿಯಾಲ್ ಅವರ ಕೋಚ್. ಜನವರಿಯಿಂದ ಮಾರ್ಚ್‌ವರೆಗೆ ಒಳಾಂಗಣ ಋತು, ಅಲ್ಲಿಂದ ಜೂನ್‌ವರೆಗೆ ಹೊರಾಂಗಣ ಋತು, ಎರಡರಲ್ಲೂ ಮೊದಲು ತಮ್ಮ ವಿಶ್ವವಿದ್ಯಾಲಯ ಸೇರಿರುವ ಒಕ್ಕೂಟದ ಚಾಂಪಿಯನ್‌ಷಿಪ್, ಆಮೇಲೆ ರಾಷ್ಟ್ರಮಟ್ಟದ್ದು. ಹೊರಾಂಗಣದಲ್ಲಿ ಪೂರ್ವ ಮತ್ತು ಪಶ್ಚಿಮ ವಿಭಾಗಗಳಿಂದ ತಲಾ 48 ಮಂದಿ ಓಡಿ, ಅವರಲ್ಲಿ ಒಟ್ಟು 24 ಮಂದಿ ಮಾತ್ರ ಅಂತಿಮ ತಾಣಕ್ಕೆ ಬರುತ್ತಾರೆ. ಒಂದೇ ಸಂಜೆ ರಿಲೇ, 100, 200 ಮೂರನ್ನೂ ಓಡುವ ಹುಡುಗಿಗೆ ಒಲಿಂಪಿಕ್ಸ್‌ನ ಸುತ್ತುಗಳು ಹೊರೆಯೆನಿಸಲಾರವು.

ಈ ವರ್ಷಗಳು ಸೋಲಿಲ್ಲದೆ ಕಳೆಯಲಿಲ್ಲ ಎಂಬುದನ್ನೂ ಹೇಳಬೇಕು. 2022ರಲ್ಲಿ 11.02ರೊಂದಿಗೆ ಎನ್‌ಸಿಎಎ 100 ಮೀಟರ್ ಪ್ರಶಸ್ತಿ ಗೆದ್ದ ಮರುತಿಂಗಳೇ ಯೂಜಿನ್‌ನ ವಿಶ್ವ ಚಾಂಪಿಯನ್‌ಷಿಪ್‌ನ ಸೆಮಿಫೈನಲಿನಲ್ಲಿ ಗುಂಡಿಗೆ ಮೊದಲೇ ಹೊರಟು ಅನರ್ಹರಾದರು. ಅದಾದ ಕೆಲವೇ ವಾರಗಳಲ್ಲಿ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ, ಒಲಿಂಪಿಕ್ ಚಾಂಪಿಯನ್ ಎಲೇನ್ ಥಾಂಪ್ಸನ್-ಹೆರಾ ಅವರ ಹಿಂದೆ, ಬೆಳ್ಳಿ ಗೆದ್ದರು. 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 100ರಲ್ಲಿ ಐದನೆಯವರು, 200ರಲ್ಲಿ ನಾಲ್ಕನೆಯವರು. ಜನವರಿಯಿಂದ ಓಡುತ್ತಲೇ ಇದ್ದ ಕಾಲುಗಳಿಗೆ ಆಗಸ್ಟ್ ತಡವಾಯಿತು ಎಂಬ ವಿಶ್ಲೇಷಣೆ ನನಗೆ ಒಪ್ಪಿಗೆಯಾಗುತ್ತದೆ. ಕಾಲೇಜು ಋತುವಿನ ದೊಡ್ಡ ದೋಷ ಇದೇ. ವೃತ್ತಿಪರರಾದ ಮೇಲೆ ಅವರು ಬದಲಾಯಿಸಿದ್ದು ಸ್ಪರ್ಧೆಗಳ ಪಟ್ಟಿಯನ್ನು. ಕೋಚ್ ಫ್ಲೊರಿಯಾಲ್, ಊರು ಆಸ್ಟಿನ್ ಹಾಗೆಯೇ ಉಳಿದವು. ಫಲ 2024ರ ಮಾರ್ಚ್‌ನಲ್ಲೇ ಸಿಕ್ಕಿತು: ಗ್ಲಾಸ್ಗೊದ ವಿಶ್ವ ಒಳಾಂಗಣ ಕೂಟದಲ್ಲಿ 6.98ರೊಂದಿಗೆ 60 ಮೀಟರ್ ಚಿನ್ನ. 2025ರ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 100 ಮೀಟರಿನಲ್ಲಿ 10.84ರೊಂದಿಗೆ ಕಂಚು, ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ನೋವಿನಿಂದಾಗಿ 200 ಮೀಟರಿನಿಂದ ಹಿಂದೆ ಸರಿಯಬೇಕಾಯಿತು. ಅಲ್ಲಿ 10.61ರಲ್ಲಿ ಗೆದ್ದವರು, ಈಗ ಜೆಫರ್ಸನ್-ವುಡನ್ ಆಗಿರುವ, ಆ ಕಾಲೇಜು ದಿನಗಳ ಎದುರಾಳಿಯೇ.

ತಮ್ಮ ವಿದ್ಯಾರ್ಥಿನಿಯ ವಿಚಾರಕ್ಕೆ ಬರುತ್ತೇನೆ. ಅಮೆರಿಕದ ವಿದ್ಯಾರ್ಥಿವೇತನದ ಆಸೆ ಹುಟ್ಟಿಸುವುದು ನ್ಯಾಯವಲ್ಲ, 12.4ಕ್ಕೆ ಆ ಬಾಗಿಲು ತೆರೆಯುವುದಿಲ್ಲ. ನಮ್ಮಲ್ಲಿ ವಿಶ್ವವಿದ್ಯಾಲಯದ ಓಟಗಾರ್ತಿಗೆ ಇರುವ ದೊಡ್ಡ ಗುರಿ ವರ್ಷಕ್ಕೊಮ್ಮೆ ನಡೆಯುವ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟ, ಈಗ ಅದರ ಜೊತೆಗೆ ಖೇಲೊ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ. ಭುವನೇಶ್ವರದ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿನಿಯಾಗಿದ್ದಾಗಲೇ ದ್ಯುತಿ ಚಂದ್ 2019ರಲ್ಲಿ ನೇಪಲ್ಸ್‌ನ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟದ 100 ಮೀಟರನ್ನು 11.32ರಲ್ಲಿ ಗೆದ್ದದ್ದು ತಮಗೆ ನೆನಪಿರಬಹುದು. ಆದರೆ ನಮ್ಮ ಹುಡುಗಿಯರಿಗೆ ವರ್ಷದಲ್ಲಿ ಸಿಗುವ ಗಂಭೀರ ಓಟಗಳೇ ಬೆರಳೆಣಿಕೆಯಷ್ಟು. ಕಾಲೇಜು ಕೂಟಗಳಿಗಷ್ಟೇ ಕಾಯದೆ, ರಾಜ್ಯ ಅಥ್ಲೆಟಿಕ್ ಸಂಸ್ಥೆಯ ಮುಕ್ತ ಕೂಟಗಳಿಗೂ ಅವಳ ಹೆಸರು ಕೊಡಿ. ಪದವಿ ಮುಗಿದ ಮೇಲೂ ತಾವೇ, ಅಥವಾ ತಾವು ನಂಬುವ ಇನ್ನೊಬ್ಬರು, ತರಬೇತಿ ಮುಂದುವರಿಸುವುದಾಗಿ ಅವಳ ತಂದೆ ತಾಯಿಗೆ ಈಗಲೇ ಹೇಳಿ. ಆಲ್ಫ್ರೆಡ್ ಅವರಿಗೆ ಕಾಲೇಜು ಮುಗಿದ ಮರುದಿನ ಕೋಚ್ ಬದಲಾಗಲಿಲ್ಲ. ನಮ್ಮಲ್ಲಿ ಹೆಚ್ಚಿನವರು ಕಳೆದುಕೊಳ್ಳುವುದು ಅದನ್ನೇ.

ಕಡೆಯದಾಗಿ, 12.4 ಎಂಬುದು ಕೈಗಡಿಯಾರದ ಲೆಕ್ಕವೋ ವಿದ್ಯುನ್ಮಾನ ಯಂತ್ರದ್ದೋ ಎಂಬುದನ್ನು ತಾವು ಬರೆದಿಲ್ಲ. ದಶಮಾಂಶದ ನಂತರ ಒಂದೇ ಅಂಕಿ ಇರುವುದರಿಂದ ಕೈಲೆಕ್ಕವಿರಬೇಕೆಂದು ಊಹಿಸುತ್ತೇನೆ. 100 ಮೀಟರಿಗೆ ಸಾಮಾನ್ಯವಾಗಿ 0.24 ಸೇರಿಸಿ ಹೋಲಿಸುವುದು ರೂಢಿ. ಹಾಗಾದರೆ ಅವಳ ನಿಜವಾದ ಸಮಯ 12.64ರ ಸುತ್ತ ಇರುತ್ತದೆ. ವಿದ್ಯುನ್ಮಾನ ಸಮಯಮಾಪನವೂ ಗಾಳಿಮಾಪಕವೂ ಇರುವ ಕೂಟವೊಂದರಲ್ಲಿ ಅವಳನ್ನು ಓಡಿಸಿ, ಬಂದ ಫಲಿತಾಂಶವನ್ನು ನಮಗೆ ಬರೆದು ತಿಳಿಸಿ. ಮುಂದೆ ಯಾವ ಕೂಟ, ಯಾವ ದೂರ ಎಂಬುದನ್ನು ಆ ಅಂಕಿ ಕೈಯಲ್ಲಿದ್ದಾಗ ಮಾತನಾಡೋಣ.

– ಸಂ.