ಹಿತ್ತಲಲ್ಲಿ ಕಪ್ಪೆಗಳಿಗಾಗಿ ಸಣ್ಣ ಕೊಳ ಮಾಡುವುದು ಹೇಗೆ? ಸೊಳ್ಳೆ ಬಾರದಂತೆ ಮೀನು ಬಿಡಬಹುದೇ?

ಮೀನು ಮಾತ್ರ ಬೇಡ. ಗಪ್ಪಿ, ಗ್ಯಾಂಬೂಸಿಯಾಗಳು ಸೊಳ್ಳೆಮರಿಯ ಜೊತೆಗೆ ಕಪ್ಪೆಯ ಮೊಟ್ಟೆ, ಗೊದಮೊಟ್ಟೆಗಳನ್ನೂ ತಿಂದುಬಿಡುತ್ತವೆ. ಮೀನಿಲ್ಲದ ಕೊಳಕ್ಕೆ ಏರೋಪ್ಲೇನ್ ಚಿಟ್ಟೆ ತಾನಾಗಿಯೇ ಬಂದು ಮೊಟ್ಟೆಯಿಡುತ್ತದೆ; ನೀರೊಳಗೆ ಬೆಳೆಯುವ ಅದರ ಮರಿಗಳು ಸೊಳ್ಳೆಮರಿಗಳನ್ನು ಹಿಡಿದು ತಿನ್ನುತ್ತವೆ.

ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲೇ, ಅರೆನೆರಳಿರುವ ಕಡೆ ನಾಲ್ಕೈದು ಅಡಿ ಅಗಲದ ಗುಂಡಿ ತೋಡಿ. ನಡುವೆ ಒಂದೂವರೆ ಅಡಿ ಆಳ ಸಾಕು. ಒಂದು ಬದಿಯಾದರೂ ಇಳಿಜಾರಾಗಿರಲೇಬೇಕು. ಬಾಲ ಇನ್ನೂ ಪೂರ್ತಿ ಕರಗದ, ಉಗುರಿನಷ್ಟು ಪುಟ್ಟ ಮರಿಕಪ್ಪೆಗಳು ದಡ ಹತ್ತಲಾಗದಿದ್ದರೆ ಮುಳುಗಿ ಸಾಯುತ್ತವೆ. ದಪ್ಪ ಟಾರ್ಪಾಲಿನ್ ಹಾಸಿ, ಮೇಲೆ ಮಣ್ಣು, ಕಲ್ಲು ಹಾಕಿ. ಮಳೆನೀರೇ ಒಳ್ಳೆಯದು, ನಲ್ಲಿ ನೀರಾದರೆ ಒಂದೆರಡು ದಿನ ತೆರೆದಿಟ್ಟು, ಕ್ಲೋರಿನ್ ಹೋದ ಮೇಲೆ ತುಂಬಿ.

ನೀರಿನ ಮೇಲೆ ಬಾಗಿದ ಒಂದೆರಡು ಗಿಡ ಇರಲಿ, ಕೆಸುವೂ ಆದೀತು. ಮರಗಪ್ಪೆ ಅಲ್ಲಿ ಬಿಳಿ ನೊರೆಗೂಡು ಕಟ್ಟುತ್ತದೆ. ಮೊಟ್ಟೆಯೊಡೆದ ಮರಿಗಳು ನೇರ ಕೆಳಗಿನ ನೀರಿಗೆ ಬೀಳುತ್ತವೆ. ನೋಡಲೇಬೇಕಾದ ದೃಶ್ಯ ಅದು!

ಬೇರೆ ಕಡೆಯಿಂದ ಕಪ್ಪೆ ಹಿಡಿದು ತರಬೇಡಿ, ಚರ್ಮದ ಶಿಲೀಂಧ್ರ ರೋಗವೂ ಜೊತೆಗೆ ಬರಬಹುದು. ಸುತ್ತಮುತ್ತ ಕೀಟನಾಶಕ, ಕಳೆನಾಶಕ ಸಿಂಪಡಿಸಬೇಡಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಬೇಲಿ ಹಾಕಿ.