ಭೂಮಿ ನಡುಗಿದ್ದಕ್ಕೂ ಮನೆ ಹಿಂದಿನ ಧರೆಗೂ

ಸಕಲೇಶಪುರ ತಾಲ್ಲೂಕಿನ ಕಾಫಿ ಬೆಳೆಗಾರರೊಬ್ಬರು ಹೀಗೆ ಬರೆದಿದ್ದಾರೆ: ‘2022ರ ಜೂನ್‌ನಲ್ಲಿ ಭೂಮಿ ನಡುಗಿದ ಮೇಲೆ ನಮ್ಮ ಮನೆ ಹಿಂದಿನ ಧರೆಯ (ಗುಡ್ಡ ಕಡಿದಲ್ಲಿ ಗೋಡೆಯಂತೆ ನಿಂತ ಮಣ್ಣಿನ) ನೆತ್ತಿಯಲ್ಲಿ ಬಿರುಕು ಕಂಡಿತು. ಈಗ ಅದರೊಳಗೆ ಬೆರಳು ತೂರುತ್ತದೆ. ಕೊಡಗಿನ ಗುಡ್ಡಗಳು ಕುಸಿದದ್ದೂ ಭೂಕಂಪದಿಂದಲೇ ಅನ್ನುತ್ತಾರೆ. ನೇಪಾಳದಲ್ಲಿ ಆದಂತೆ ಇಲ್ಲೂ ಗುಡ್ಡವೇ ಇಳಿದು ಬರಬಹುದೇ? ನೀರು ಇಂಗಲೆಂದು ಮೇಲಿನ ತೋಟದಲ್ಲಿ ಇನ್ನಷ್ಟು ತೊಟ್ಟಿಲು ಗುಂಡಿ ತೆಗೆಸಲೇ?’

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇವೆ, ಏಕೆಂದರೆ ಅದು ಕಾಯುವಂಥದಲ್ಲ. ತೆಗೆಸಬೇಡಿ. ಬಿರುಕಿನ ಮೇಲ್ಭಾಗದಲ್ಲಿ ಈಗಾಗಲೇ ಇರುವ ಗುಂಡಿಗಳನ್ನೂ ಮಳೆಗಾಲಕ್ಕೆ ಮುಂಚೆ ಮುಚ್ಚಿಸಿ. ಇಳಿಜಾರು ಕಡಿಮೆ ಇರುವಲ್ಲಿ ತೊಟ್ಟಿಲು ಗುಂಡಿ ತೋಟಕ್ಕೆ ಒಳ್ಳೆಯದೇ. ಕಡಿದಾದ ಧರೆಯ ನೆತ್ತಿಯಲ್ಲಿ ಅದು ನೀರನ್ನು ನೇರ ಬಿರುಕಿನೊಳಕ್ಕೆ ಕಳಿಸುತ್ತದೆ.

ಇನ್ನು ಭೂಕಂಪದ ಮಾತು. ನೀವು ಹೇಳುವ ಕಂಪನ ಜೂನ್ 23ರ ಬೆಳಗಿನ ಜಾವದ್ದು. ಅದರ ಕೇಂದ್ರ ಹೊಳೆನರಸೀಪುರ ತಾಲ್ಲೂಕಿನಲ್ಲಿತ್ತು, ತೀವ್ರತೆ 3.4. ಅಮೆರಿಕದ ಭೂವಿಜ್ಞಾನಿ ಡೇವಿಡ್ ಕೀಫರ್ ಜಗತ್ತಿನ 40 ಭೂಕಂಪಗಳನ್ನು ತುಲನೆ ಮಾಡಿ 1984ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಡಿಲ ಬಂಡೆ ಉರುಳಲು ಕನಿಷ್ಠ 4.0, ಮಣ್ಣಿನ ಗುಡ್ಡ ಜರಿಯಲು ಸುಮಾರು 4.5 ಬೇಕು. ತೀವ್ರತೆ ಒಂದು ಅಂಕಿ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಆ ಲೆಕ್ಕದಲ್ಲಿ ಈ 3.4ಕ್ಕೂ, ಮುಂದೆ ಹೇಳಲಿರುವ ಜಪಾನಿನ 6.6ರ ಕಂಪನಕ್ಕೂ ಇರುವ ಅಂತರ 60 ಸಾವಿರ ಪಟ್ಟಿಗೂ ಹೆಚ್ಚು. ಗಟ್ಟಿ ಧರೆಯನ್ನು ಸೀಳುವ ಬಲ ಅಂದಿನ ನಡುಕಕ್ಕೆ ಇರಲಿಲ್ಲ. ಮೊದಲೇ ಸಡಿಲವಾಗಿದ್ದ ಧರೆಯನ್ನು ಅದು ಕೂದಲೆಳೆಯಷ್ಟು ಸರಿಸಿರಬಹುದು, ಅಷ್ಟೇ. ಸಡಿಲವಾಗಲು ಕಾರಣ ನಿಮ್ಮ ಪತ್ರದಲ್ಲೇ ಇದೆ: ಕಾಫಿ ಒಣಗಿಸುವ ಕಣ ಅಗಲ ಮಾಡಲು ಜೆಸಿಬಿ ತಂದು ಧರೆಯ ಬುಡವನ್ನು 20 ಅಡಿ ನೇರಕ್ಕೆ ಕಡಿಸಿದ್ದೀರಿ.

ಕೊಡಗಿನದೂ ಇದೇ ಕಥೆ. 2018ರ ಜುಲೈ 9ರಂದು ಅಲ್ಲಿ 3.4ರ ಕಂಪನ ಆಗಿದ್ದು ನಿಜ. ಗುಡ್ಡಗಳು ಜರಿದದ್ದು ಐದು ವಾರ ಕಳೆದು, ಆಗಸ್ಟ್ ಮಧ್ಯದ ಆ ವಿಪರೀತ ಮಳೆಯಲ್ಲಿ. ಸ್ಥಳ ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಬೊಟ್ಟು ಮಾಡಿದ್ದು ಮಳೆಯ ಕಡೆಗೆ, ರಸ್ತೆ-ಮನೆಗಳಿಗಾಗಿ ಇಳಿಜಾರು ಕಡಿದದ್ದರ ಕಡೆಗೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳು ಮಣ್ಣುಪಾಲಾದದ್ದೂ ಮಳೆಯಲ್ಲೇ. ಭೂಕಂಪದ ಮೇಲೆ ತಪ್ಪು ಹೊರಿಸಿ ಕೂತರೆ ನಮ್ಮ ಕೈಯಲ್ಲೇ ಇರುವ ಕೆಲಸ ಉಳಿದುಬಿಡುತ್ತದೆ ಎಂಬುದು ನಮ್ಮ ಆತಂಕ.

ಹಾಗಂತ ಭೂಕಂಪಕ್ಕೆ ಗುಡ್ಡ ಇಳಿಸುವ ಬಲವಿಲ್ಲ ಎಂದಲ್ಲ. ಇಳಿಜಾರಿನ ಮಣ್ಣು ನಿಂತಿರುವುದು ಕಣಗಳ ಅಂಟು ಮತ್ತು ಉಜ್ಜುವಿಕೆಯಿಂದ. ನೆಲ ಅಡ್ಡಡ್ಡ ಅಲುಗಿದಾಗ ಕೆಳಕ್ಕೆ ಎಳೆಯುವ ಬಲ ಕ್ಷಣಕ್ಷಣಕ್ಕೂ ಹೆಚ್ಚಿ ತಗ್ಗುತ್ತದೆ, ಹೆಚ್ಚಿದಾಗಲೆಲ್ಲ ಮಣ್ಣು ಒಂದಿಷ್ಟು ಜಾರುತ್ತದೆ. ಅಲೆಗಳು ಗುಡ್ಡದ ನೆತ್ತಿಯಲ್ಲಿ ಸೇರಿ ಜೋರಾಗುವುದರಿಂದ ಭೂಕಂಪದ ಕುಸಿತಗಳು ಹೆಚ್ಚಾಗಿ ಶಿಖರದ ಹತ್ತಿರ ಶುರುವಾಗುತ್ತವೆ. 2015ರ ಏಪ್ರಿಲ್ 25ರ 7.8ರ ಕಂಪನದಲ್ಲಿ ನೇಪಾಳದ ಲಾಂಗ್‌ಟಾಂಗ್ ಹಳ್ಳಿ ಮೇಲಿನಿಂದ ಬಂದ ಹಿಮ-ಕಲ್ಲುಗಳಡಿ ಹೂತುಹೋಯಿತು. 2008ರ ಮೇ 12ರಂದು ಚೀನಾದ ವೆಂಚುವಾನ್‌ನಲ್ಲಿ ಸತ್ತ ಸುಮಾರು 69 ಸಾವಿರ ಜನರಲ್ಲಿ 20 ಸಾವಿರದಷ್ಟು ಮಂದಿ ಬಲಿಯಾದದ್ದು ಭೂಕುಸಿತಕ್ಕೆ. ಜರಿದ ಮಣ್ಣು ಹೊಳೆಗೆ ಅಡ್ಡ ಬಿದ್ದರೆ ಎರಡನೇ ಅನಾಹುತ: 1950ರ ಆಗಸ್ಟ್ 15ರ ಅಸ್ಸಾಂ ಭೂಕಂಪದಲ್ಲಿ ಸುಬನ್‌ಸಿರಿ ನದಿ ಕಟ್ಟಿಕೊಂಡು, ಕೆಲ ದಿನಗಳ ಬಳಿಕ ಒಡೆದು, ಕೆಳಗಿನ ಊರುಗಳನ್ನು ತೊಳೆದುಕೊಂಡು ಹೋಯಿತು.

ನಮ್ಮವರು ಗಮನಿಸಬೇಕಾದದ್ದು ಮಾತ್ರ ಜಪಾನಿನ ಹೊಕ್ಕೈಡೊ ಎಂದು ನಮಗೆ ಅನಿಸುತ್ತದೆ. 2018ರ ಸೆಪ್ಟೆಂಬರ್ 6ರಂದು 6.6ರ ಕಂಪನಕ್ಕೆ ಅತ್ಸುಮಾ ಸುತ್ತಲಿನ ಗುಡ್ಡಗಳಲ್ಲಿ ಸಾವಿರಾರು ಕಡೆ ಮಣ್ಣು ಜಾರಿತು. ಅವು ಹಿಮಾಲಯದಂಥ ಪರ್ವತಗಳಲ್ಲ, ಕಾಡು ಹೊದ್ದ ಸಣ್ಣ ಗುಡ್ಡಗಳು. ಮೇಲೆ ಸಡಿಲ ಜ್ವಾಲಾಮುಖಿ ಮಣ್ಣು, ಅಡಿಯಲ್ಲಿ ಜಾರುವ ಜೇಡಿ ಪದರ, ಹಿಂದಿನ ದಿನಗಳಲ್ಲಿ ಚಂಡಮಾರುತದ ಮಳೆ. ನಮ್ಮಲ್ಲಿ ಜ್ವಾಲಾಮುಖಿ ಮಣ್ಣಿಲ್ಲ. ಆದರೆ ಜಂಬಿಟ್ಟಿಗೆ ಪದರದ ಕೆಳಗೆ ಶೇಡಿ ಮಣ್ಣಿದೆ. ಒಣಗಿದ್ದಾಗ ಗುದ್ದಲಿಗೂ ಬಗ್ಗದ ಆ ಮಣ್ಣು ನೀರು ಕುಡಿದರೆ ಗಂಜಿಯಾಗುತ್ತದೆ. 2002ರ ಭೂಕಂಪ ನಕ್ಷೆಯಲ್ಲಿ ಹಾಸನ, ಚಿಕ್ಕಮಗಳೂರು ಅಪಾಯ ಅತಿ ಕಡಿಮೆಯಿರುವ 2ನೇ ವಲಯದಲ್ಲಿದ್ದವು, ಶಿರಾಡಿ ಘಾಟಿ ಇಳಿದರೆ 3ನೇ ವಲಯ. ನೇಪಾಳದಷ್ಟು ದೊಡ್ಡ ಕಂಪನ ಇಲ್ಲಿ ನಿರೀಕ್ಷಿತವಲ್ಲ. ಆದರೂ ಇದೇ ಪಶ್ಚಿಮ ಘಟ್ಟದಲ್ಲಿರುವ ಮಹಾರಾಷ್ಟ್ರದ ಕೊಯ್ನಾದಲ್ಲಿ 1967ರ ಡಿಸೆಂಬರ್ 11ರಂದು 6ಕ್ಕೂ ಮೀರಿದ ಕಂಪನ ಆಗಿದೆ. ಮಧ್ಯಮ ಕಂಪನವೊಂದು ಜುಲೈನ ನೆನೆದ ಮಣ್ಣಿಗೆ ಬಡಿಯುವುದು, ಅಥವಾ ಬೇಸಿಗೆಯಲ್ಲಿ ಬಿರುಕು ಬಿಡಿಸಿಟ್ಟು ಮುಂದಿನ ಕೆಲಸವನ್ನು ಮಳೆಗೆ ಒಪ್ಪಿಸುವುದು, ನಮ್ಮಲ್ಲಿ ಲೆಕ್ಕಕ್ಕೆ ಹಿಡಿಯಬೇಕಾದ ಅಪಾಯ ಇದು. 1999ರ ದೊಡ್ಡ ಭೂಕಂಪದ ನಂತರ ತೈವಾನಿನಲ್ಲಿ ಮೊದಲಿಗಿಂತ ಕಡಿಮೆ ಮಳೆಗೇ ಗುಡ್ಡ ಜರಿಯತೊಡಗಿದ್ದು ಇದಕ್ಕೇ.

ಈಗ ನಿಮ್ಮ ಬಿರುಕು. ಅದು ಧರೆಯ ಅಂಚಿಗೆ ಅರ್ಧಚಂದ್ರದಂತೆ ಬಾಗಿದೆಯೇ, ಕೆಳಬದಿಯ ನೆಲ ಮೇಲ್ಬದಿಗಿಂತ ತಗ್ಗಿದೆಯೇ ನೋಡಿ. ಎರಡೂ ಹೌದಾದರೆ ಒಂದು ಇಡೀ ತುಂಡು ಜಾರಲು ಹೊರಟಿದೆ ಎಂದರ್ಥ. ಬಿರುಕಿನ ಎರಡೂ ಬದಿ, ಅಂಚಿನಿಂದ ಒಂದೂವರೆ ಅಡಿ ದೂರಕ್ಕೆ, 3 ಅಡಿ ಉದ್ದದ ಕಬ್ಬಿಣದ ಸರಳನ್ನು 2 ಅಡಿ ಆಳಕ್ಕೆ ಹೊಡೆಯಿರಿ. ತಲೆಯ ಮೇಲೆ ಗರಗಸದಿಂದ ಗೀರು ಹಾಕಿ, ಗೀರಿನಿಂದ ಗೀರಿಗೆ ಉಕ್ಕಿನ ಟೇಪಿನಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಅಳೆದು ತಾರೀಖು ಸಮೇತ ಬರೆದಿಡಿ. ಬೇಸಿಗೆಯಲ್ಲಿ ವಾರಕ್ಕೊಮ್ಮೆ, ಮಳೆ ಹಿಡಿದ ಮೇಲೆ ದಿನಕ್ಕೆರಡು ಸಲ, ಭೂಮಿ ನಡುಗಿದ ದಿನ ತಕ್ಷಣ. ಎಷ್ಟು ಅಗಲವಾಯಿತು ಅನ್ನುವುದಕ್ಕಿಂತ ನಿನ್ನೆಗಿಂತ ಇವತ್ತು ಹೆಚ್ಚು ಬೇಗ ಅಗಲವಾಗುತ್ತಿದೆಯೇ ಅನ್ನುವುದು ಮುಖ್ಯ. ವೇಗ ಏರಿತೋ, ಅಳತೆ ಬಿಟ್ಟು ಮನೆ ಖಾಲಿ ಮಾಡಿ.

ಬಿರುಕನ್ನು ಸಿಮೆಂಟಿನಿಂದ ಮುಚ್ಚಬೇಡಿ, ಮಣ್ಣು ಸರಿದರೆ ಪಕ್ಕದಲ್ಲೇ ಮತ್ತೆ ಬಿಡುತ್ತದೆ. ಜಲ್ಲಿ, ಮರಳು ತುಂಬಿದರೆ ನೀರಿಗೆ ದಾರಿ ಮಾಡಿಕೊಟ್ಟಂತೆ. ಬಾಯನ್ನು ಒಂದಡಿ ಆಳಕ್ಕೆ ಅಗಲಿಸಿ, ಹದವಾಗಿ ಒದ್ದೆ ಮಾಡಿದ ಜಿಗುಟು ಮಣ್ಣನ್ನು ನಾಲ್ಕು ನಾಲ್ಕು ಇಂಚು ಹಾಕಿ ದಮ್ಮಸ್ಸು ಮಾಡಿ, ಮೇಲೆ ದಿಬ್ಬ ಬಿಟ್ಟು ಟಾರ್ಪಾಲು ಹೊದಿಸಿ. ಬಿರುಕಿಗಿಂತ 10–15 ಅಡಿ ಮೇಲೆ, ಒಂದೂವರೆ ಅಡಿ ಅಗಲ ಮತ್ತು ಆಳದ ಚರಂಡಿ ತೆಗೆದು ನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸಿ. ಒಳಮೈಗೆ ಸಿಮೆಂಟು ಇಲ್ಲವೇ ಕಡೇಪಕ್ಷ ಪ್ಲಾಸ್ಟಿಕ್ ಹಾಳೆ ಇರಲೇಬೇಕು. ಬರೀ ಮಣ್ಣಿನ ಚರಂಡಿ ಇನ್ನೊಂದು ತೊಟ್ಟಿಲು ಗುಂಡಿಯೇ.

ಧರೆಯ ಬುಡದಲ್ಲಿ ಸೈಜುಗಲ್ಲಿನ ತಡೆಗೋಡೆ ಎಬ್ಬಿಸುವುದು ಸರಿಯೇ, ಆದರೆ ಇಂಥ ಗೋಡೆಗಳು ಹೆಚ್ಚಾಗಿ ಬೀಳುವುದು ಹಿಂದೆ ನಿಂತ ನೀರಿನ ಒತ್ತಡಕ್ಕೆ. ಗೋಡೆಯ ಹಿಂದೆ ಒಂದಡಿ ಜಲ್ಲಿ, ಐದೈದು ಅಡಿಗೆ 3 ಇಂಚಿನ ಪಿವಿಸಿ ಪೈಪು ಬೇಕು. 20 ಅಡಿಯನ್ನು ಒಂದೇ ಗೋಡೆಯಲ್ಲಿ ತಡೆಯುವುದಕ್ಕಿಂತ ಬೇಸಿಗೆಯಲ್ಲಿ, ಎಂಜಿನಿಯರ್‌ಗೆ ತೋರಿಸಿ, ಎರಡು ಮೆಟ್ಟಿಲಾಗಿ ಕಡಿಸುವುದು ಲೇಸು. ಮಳೆಯಲ್ಲಿ ಬುಡಕ್ಕೆ ಮಣ್ಣು ಜರಿದು ಬಿದ್ದರೆ ಕೂಡಲೇ ಜೆಸಿಬಿ ಕರೆಸಬೇಡಿ. ಆ ರಾಶಿಯೇ ಆಗ ಧರೆಗೆ ಆಸರೆ, ತೆಗೆದ ಗಳಿಗೆ ಉಳಿದದ್ದೂ ಬರುತ್ತದೆ. ಸಿಲ್ವರ್ ಮರ, ಕಾಫಿ ಗಿಡದ ಬೇರನ್ನು ನೆಚ್ಚಬೇಡಿ: ಲಾವಂಚ ಮೇಲ್ಮಣ್ಣು ಹಿಡಿಯುತ್ತದೆ, 15–20 ಅಡಿ ಆಳದ ಜಾರುವ ಪದರವನ್ನು ಯಾವ ಬೇರೂ ಹಿಡಿಯದು.

ಧರೆಯಿಂದ ಕೆಸರು ನೀರು ಹೊಸದಾಗಿ ಒಸರಿದರೆ, ಸದಾ ಹರಿಯುವ ಹಳ್ಳ ಮಳೆಯಲ್ಲೂ ದಿಢೀರನೆ ಬತ್ತಿದರೆ, ಬಾಗಿಲು ಚೌಕಟ್ಟಿಗೆ ಬಿಗಿಯಾದರೆ ರಾತ್ರಿಯಾದರೂ ಸರಿ ಹೊರಡಿ, 112ಕ್ಕೆ ತಿಳಿಸಿ. ಹೋಗಬೇಕಾದದ್ದು ಪಕ್ಕದ ಎತ್ತರಕ್ಕೆ, ಹಳ್ಳದ ಗುಂಟ ಅಲ್ಲ. ಜೂನ್‌ನಿಂದಲೇ ಮಲಗುವುದನ್ನು ಮನೆಯ ಮುಂಭಾಗದ ಕೋಣೆಗೆ ಬದಲಿಸಿ.

ಧರೆಯ ಸಾಲಿನಲ್ಲೇ ತೋಟದ ಕಾರ್ಮಿಕರ ನಾಲ್ಕು ಸಂಸಾರಗಳ ಲೈನ್ ಮನೆ ಇದೆ ಎಂದೂ ಬರೆದಿದ್ದೀರಿ. ಅವರ ಮಲಗುವ ಗೋಡೆ ಬುಡದಿಂದ ಆರೇ ಅಡಿ. ಕಡಿದ ಧರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರ ಮನೆ ಇರಬೇಕು, ಇಲ್ಲಿ 20 ಅಡಿ. ನಿಮ್ಮ ಮನೆಯ ಹಿಂದೆ ತಡೆಗೋಡೆ ಕಟ್ಟಿಸುವುದಕ್ಕೆ ಮುಂಚೆ ಅವರನ್ನು ರಸ್ತೆ ಬದಿಯ ಗೋದಾಮಿಗೆ ಸ್ಥಳಾಂತರಿಸಿ, ಮೇ ಮುಗಿಯುವುದರೊಳಗೆ.

— ಸಂಪಾದಕರು